ಉಪ್ಪು ಬಿದ್ದ ಅಂಬಲಿ

ಹಸಿವು ಬೇರೆ, ಬಾಯಾರಿಕೆ ಬೇರೆ ಎಂದು ನನಗೆ ಗೊತ್ತಿತ್ತು. ಇವೆರಡೂ ಅಲ್ಲದ ಇನ್ನೊಂದು ಇದೆ, ಹೊಟ್ಟೆ ತುಂಬ ನೀರಿದ್ದರೂ ಮನುಷ್ಯ ಒಣಗಿ ಬೀಳಬಹುದು ಎಂದು ತಿಳಿದದ್ದು ಕೃಷ್ಣಗಿರಿ ರಸ್ತೆಯಲ್ಲಿ, ಸೈಕಲ್ಲಿನ ಮೇಲೆ, ನಾನು ಹೆಣ್ಣು ನೋಡಲು ಹೊರಟಿದ್ದ ದಿನ. ಈಗ ಔಷಧಿ ಅಂಗಡಿಯಲ್ಲಿ ಉಪ್ಪು ಸಕ್ಕರೆ ಬೆರೆಸಿದ ಪುಡಿಯನ್ನು ಪೊಟ್ಟಣ ಕಟ್ಟಿ ಮಾರುತ್ತಾರೆ. ಮೊಮ್ಮಕ್ಕಳು ಅದನ್ನು ನೀರಿಗೆ ಸುರಿದುಕೊಂಡು ಕುಡಿಯುವಾಗ ನಾನು ಸುಮ್ಮನೆ ನಗುತ್ತೇನೆ. ನಾನು ಆ ಪಾಠ ಕಲಿತ ಬಗೆ ಬೇರೆ.

ಎರಡನೇ ಮಹಾಯುದ್ಧದ ಕಾಲ ಅದು. ನಮ್ಮದು ಬಾಗಲೂರಿನ ಪಕ್ಕದ ಒಂದು ಹಳ್ಳಿ. ಅಪ್ಪ ನಾನು ಚಿಕ್ಕವನಿರುವಾಗಲೇ ತೀರಿಕೊಂಡಿದ್ದರು. ಅಮ್ಮನೂ ನಾನೂ ಬಾವಿ ನೀರಿನಲ್ಲಿ ಬದನೆ, ಮೆಣಸಿನಕಾಯಿ, ಸೊಪ್ಪು ಬೆಳೆಯುತ್ತಿದ್ದೆವು. ಬೆಳಗಾಗುವ ಮುಂಚೆ ಅದನ್ನು ಸೈಕಲ್ಲಿಗೆ ಹೇರಿಕೊಂಡು, ಅವಲಪಲ್ಲಿ ದಾಟಿ, ಹೊಸೂರಿನ ಸಂತೆಗೆ ಒಯ್ಯುವುದು ನನ್ನ ಕೆಲಸ. ಸೈಕಲ್ಲು ಬೆಂಗಳೂರು ದಂಡಿನಲ್ಲಿ ಯಾರೋ ಸಿಪಾಯಿ ಮಾರಿ ಹೋದದ್ದು. ಟೈರು ಸಿಗುತ್ತಿರಲಿಲ್ಲ, ಸವೆದು ಬಾಯಿ ಬಿಟ್ಟ ಕಡೆ ಒಳಗಿನಿಂದ ಹಳೇ ಟೈರಿನ ತುಂಡು ಇಟ್ಟು ಓಡಿಸುತ್ತಿದ್ದೆ. ಆದರೂ ನಮ್ಮ ಸುತ್ತಿನಲ್ಲಿ ನನ್ನ ಹಾಗೆ ಸೈಕಲ್ ತುಳಿಯುವವನು ಇನ್ನೊಬ್ಬನಿಲ್ಲ ಎಂಬ ಜಂಬ ನನಗಿತ್ತು. ಇಲ್ಲ ಎಂದು ಯಾರೂ ಹೇಳಿರಲಿಲ್ಲ, ಹೌದು ಎಂದೂ ಯಾರೂ ಹೇಳಿರಲಿಲ್ಲ.

ನನಗೆ ಹೆಣ್ಣು ಹುಡುಕುತ್ತಿದ್ದವರು ನನ್ನ ಸೋದರಮಾವ. ಅವರಿಗೆ ಹೆಣ್ಣುಮಕ್ಕಳಿದ್ದಿದ್ದರೆ ಈ ಓಡಾಟವೇ ಇರುತ್ತಿರಲಿಲ್ಲ. ಕೃಷ್ಣಗಿರಿ ಕಡೆ ಎರಡು ಸಂಬಂಧ ಗೊತ್ತು ಮಾಡಿಕೊಂಡು ಬಂದಿದ್ದರು. ಒಂದು, ಕೃಷ್ಣಗಿರಿಗೆ ಸ್ವಲ್ಪ ಈಚೆಗೆ ರಸ್ತೆಯಿಂದ ಒಳಗೆ ಹೋದರೆ ಸಿಗುವ ಹಳ್ಳಿಯಲ್ಲಿ. ಇನ್ನೊಂದು, ಕೃಷ್ಣಗಿರಿಯಿಂದ ಆಚೆಗೆ, ಮಾವಿನ ತೋಪಿದ್ದ ಮನೆ. ಮೊದಲ ದಿನ ಇದು, ಮಾರನೆಯ ದಿನ ಅದು, ಎರಡನ್ನೂ ನೋಡಿ ಆಮೇಲೆ ಮಾತು ಎಂಬುದು ಮಾವನ ಲೆಕ್ಕಾಚಾರ. ಮಾವನ ಮನಸ್ಸು ಮಾವಿನ ತೋಪಿನಲ್ಲಿತ್ತು ಎಂದು ಹೇಳಬೇಕಾಗಿಲ್ಲ.

ನಮ್ಮ ಕಡೆ ಒಂದು ಪದ್ಧತಿ ಇದೆ. ಹೆಣ್ಣು ನೋಡಲು ಹೋದ ಮನೆಯಲ್ಲಿ ಬೆಲ್ಲ ನೀರು ತೆಗೆದುಕೊಳ್ಳಬಹುದು, ಎಲೆ ಅಡಿಕೆ ಹಾಕಿಕೊಳ್ಳಬಹುದು. ಉಪ್ಪು ಬಿದ್ದದ್ದನ್ನು ಮಾತ್ರ ಮುಟ್ಟುವಂತಿಲ್ಲ. ಮುಟ್ಟಿದರೆ ಸಂಬಂಧ ಒಪ್ಪಿದ ಹಾಗೆ. ಇದಕ್ಕೆ ಕೈ ನೆನೆಸುವುದು ಎನ್ನುತ್ತಾರೆ. ಕೈ ನೆನೆಸಿದ ಮೇಲೆ ಒಲ್ಲೆ ಎಂದರೆ ಗಂಡಿನವರಿಗೆ ಕೆಟ್ಟ ಹೆಸರು, ಆದರೆ ಅದು ನಾಲ್ಕು ದಿನದ್ದು. ಹೆಣ್ಣಿಗೆ ಅಂಟಿದ ಮಾತು ಹೋಗುವುದಿಲ್ಲ.

ಹೊರಡುವ ಬೆಳಿಗ್ಗೆ ಅಮ್ಮ ಮತ್ತೆ ಮತ್ತೆ ಅದನ್ನೇ ಹೇಳಿದಳು. "ನೀರು ಕುಡಿ, ಬೆಲ್ಲ ಕೊಟ್ರೆ ತಕ್ಕೊ. ಉಪ್ಪು ಬಿದ್ದಿದ್ದು ಏನೂ ಬಾಯಿಗೆ ಹಾಕ್ಬೇಡ ಕಣಪ್ಪ. ನಿಮ್ಮಾವ ಮಾತಾಡಿ ಮುಗಿಸ್ಲಿ." ಪಡಿತರದ ಅಕ್ಕಿಯಲ್ಲಿ ಹುಳಿಯನ್ನ ಕಲಸಿ ಮುತ್ತುಗದ ಎಲೆಯಲ್ಲಿ ಬುತ್ತಿ ಕಟ್ಟಿದ್ದಳು. ಒಂದು ತಂಬಿಗೆಯಲ್ಲಿ ಉಪ್ಪು ಹಾಕಿದ ಮಜ್ಜಿಗೆ ತುಂಬಿ, ಬಾಳೆ ಎಲೆ ಮುಚ್ಚಿ ದಾರ ಸುತ್ತಿದ್ದಳು. ಅಷ್ಟು ಅಕ್ಕಿ ಒಟ್ಟಿಗೆ ಬೆಂದದ್ದನ್ನು ನಮ್ಮ ಮನೆ ಆಗ ನೋಡುತ್ತಿದ್ದದ್ದೇ ಅಪರೂಪ. ಹೊಸೂರಿನವರೆಗೆ ಮಾವನನ್ನು ನನ್ನ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೋದೆ. ಅಲ್ಲಿಂದ ಮುಂದಕ್ಕೆ ಅವರು ಬಸ್ಸಿನಲ್ಲಿ ಬರುವುದು, ನಾನು ಸೈಕಲ್ಲಿನಲ್ಲಿ. ಬಸ್ಸಿನಲ್ಲಿ ಒಬ್ಬರಿಗೆ ಜಾಗ ಸಿಕ್ಕಿದ್ದೇ ಪುಣ್ಯ. ಸಿಕ್ಕಿದ್ದರೂ ನಾನು ಹತ್ತುತ್ತಿರಲಿಲ್ಲ, ಹೆಣ್ಣಿನ ಮನೆಯ ಮುಂದೆ ಸೈಕಲ್ಲಿನಿಂದ ಇಳಿಯಬೇಕೆಂದು ನನ್ನ ಆಸೆ.

ಬುತ್ತಿ, ಮಜ್ಜಿಗೆ ಎರಡನ್ನೂ ಮಾವ ತಮ್ಮ ಮಡಿಲಲ್ಲಿ ಇಟ್ಟುಕೊಂಡರು. ಸೈಕಲ್ಲಿನಲ್ಲಿ ಕುಲುಕಿ ಚೆಲ್ಲುತ್ತದೆ ಎಂದರು. ಶೂಲಗಿರಿಯಲ್ಲಿ ಬಸ್ಸು ನಿಲ್ಲುತ್ತದೆ, ಅಲ್ಲಿ ಇಬ್ಬರೂ ಕೂತು ತಿನ್ನೋಣ ಎಂದು ಮಾತಾಯಿತು. ಮಾತು ಸರಿಯಾಗಿಯೇ ಇತ್ತು.

ಆಗಿನ ಬಸ್ಸುಗಳು ಇದ್ದಿಲಿನಿಂದ ಓಡುತ್ತಿದ್ದವು. ಪೆಟ್ರೋಲೆಲ್ಲ ಯುದ್ಧಕ್ಕೆ ಹೋಗಿತ್ತು. ಬಸ್ಸಿನ ಬೆನ್ನಿಗೆ ಹಂಡೆಯಂಥ ಒಂದು ಒಲೆ. ಕ್ಲೀನರ್ ಅದಕ್ಕೆ ಇದ್ದಿಲು ಸುರಿದು, ತಿದಿಯ ಹಿಡಿ ತಿರುಗಿಸಿ ತಿರುಗಿಸಿ ಕಾವು ಎಬ್ಬಿಸಬೇಕು. ಕಾವು ಎದ್ದರೆ ಬಸ್ಸು ಏಳುತ್ತಿತ್ತು, ಇಲ್ಲದಿದ್ದರೆ ಜನ ಇಳಿದು ತಳ್ಳುತ್ತಿದ್ದರು. ಅದು ನನ್ನನ್ನು ದಾಟಿ ಹೋದಾಗ ಹೊಗೆ ಮುಖಕ್ಕೆ ಹೊಡೆಯಿತು. ಸ್ವಲ್ಪ ದೂರದಲ್ಲಿ ಅದೇ ಬಸ್ಸು ಹುಣಸೇಮರದ ಕೆಳಗೆ ನಿಂತಿತ್ತು. ನಾನು ಗಂಟೆ ಬಾರಿಸುತ್ತಾ ದಾಟಿದೆ. ಮತ್ತೆ ಅದು ದಾಟಿತು, ಮತ್ತೆ ನಿಂತಿತು. ಒಳಗಿದ್ದವರು ಕಿಟಕಿಯಿಂದ ತಲೆ ಹಾಕಿ ನನ್ನನ್ನು ಹುರಿದುಂಬಿಸಿದರು. ಇನ್ನು ಕೇಳಬೇಕೆ? ಹೊಸ ನೀಲಿ ಅಂಗಿ ಬೆನ್ನಿಗೆ ಅಂಟಿಕೊಳ್ಳುವ ಹಾಗೆ ತುಳಿದೆ.

ಶೂಲಗಿರಿಗೆ ಇನ್ನೂ ಸ್ವಲ್ಪ ದೂರವಿರುವಾಗ ಬಸ್ಸು ಪೂರಾ ತಣ್ಣಗಾಗಿ ನಿಂತುಬಿಟ್ಟಿತ್ತು. ಡ್ರೈವರು ಮರದ ನೆರಳಲ್ಲಿ ಮಲಗಿದ್ದ. ಅಲ್ಲಿ ನಿಂತು, ಬುತ್ತಿ ಬಿಚ್ಚಿ, ಮಾವನ ಜೊತೆ ತಿಂದು ಹೊರಟಿದ್ದರೆ ಈ ಕಥೆಯೇ ಇಲ್ಲ. ಆದರೆ ಗೆದ್ದವನು ನಿಲ್ಲುತ್ತಾನೆಯೇ? ಕೈ ಬೀಸಿ ದಾಟಿದೆ. ಹಿಂದಿನಿಂದ ಮಾವ ಕೂಗಿದ್ದು ಇಡೀ ಬಸ್ಸಿಗೆ ಕೇಳಿಸಿತು.

"ಹೋದ ತಕ್ಷಣ ಕೈ ನೆನೆಸ್ಬುಟ್ಟೀಯ ಕಣ್ಲಾ, ಉಸಾರು!"

ಬುತ್ತಿ ಬಸ್ಸಿನಲ್ಲಿ ಉಳಿಯಿತು, ನಾನು ರಸ್ತೆಯಲ್ಲಿ. ಶೂಲಗಿರಿ ದಾಟಿದ ಮೇಲೆ ಒಂದು ಅರವಟ್ಟಿಗೆ ಇತ್ತು. ದಾರಿಹೋಕರಿಗೆ ನೀರು ಮಜ್ಜಿಗೆ ಕೊಡುವ ತೆಂಗಿನಗರಿಯ ಚಪ್ಪರ. ಕಾಯುತ್ತಿದ್ದ ಅಜ್ಜಿ ತಮಿಳಿನಲ್ಲಿ, "ಮೋರ್ ತೀರ್ಂದು ಪೋಚ್ಚು ತಂಬಿ, ತಣ್ಣಿ ಇರುಕ್ಕು" ಎಂದಳು. ಮಜ್ಜಿಗೆ ಮುಗಿದಿತ್ತು, ನೀರಿತ್ತು. ಮಣ್ಣಿನ ಮಡಕೆಯ ತಣ್ಣನೆ ನೀರು. ಅವಳು ಎತ್ತಿ ಹುಯ್ಯುತ್ತಲೇ ಹೋದಳು, ನಾನು ಕುಡಿಯುತ್ತಲೇ ಹೋದೆ. ಮುಂದೆ ಒಂದು ಬಾವಿಯಲ್ಲಿ ಎತ್ತು ಕಟ್ಟಿ ನೀರೆತ್ತುವ ಕಪಿಲೆ ಹೊಡೆಯುತ್ತಿದ್ದರು, ಅಲ್ಲೂ ಬೊಗಸೆ ಹಿಡಿದೆ. ಮತ್ತೊಂದು ಹಳ್ಳಿಯ ಸೇದುವ ಬಾವಿ, ಅಲ್ಲೂ. ನೀರು ಕುಡಿದಷ್ಟೂ ಒಳ್ಳೆಯದು ಎಂದು ನನ್ನ ನಂಬಿಕೆ. ಎತ್ತಿಗೆ ಕುಡಿಸುವುದಿಲ್ಲವೇ?

ಆ ರಸ್ತೆ ಹೊಸೂರಿನಿಂದ ಕೃಷ್ಣಗಿರಿಗೆ ಇಳಿಯುತ್ತಾ ಹೋಗುತ್ತದೆ. ಮೇಲಿನವರಾದ ನಮಗೆ ಕೆಳಗಿನ ಬಿಸಿಲು ಬೇರೆಯದೇ ಜಾತಿ. ಇಳಿಜಾರಿನಲ್ಲಿ ಗಾಳಿ ಮೈಗೆ ಹೊಡೆಯುತ್ತದೆ, ಬೆವರು ಬಂದದ್ದೇ ಆರಿಹೋಗುತ್ತದೆ. ಎಷ್ಟು ಹೋಯಿತೆಂದು ಗೊತ್ತೇ ಆಗುವುದಿಲ್ಲ. ಹೊಟ್ಟೆಯಲ್ಲಿ ನೀರು ಕುಲುಕಾಡುವ ಸದ್ದು ನನ್ನ ಕಿವಿಗೇ ಕೇಳುತ್ತಿತ್ತು. ಆದರೂ ನಾಲಗೆ ಅಂಟಿಕೊಳ್ಳುತ್ತಿತ್ತು. ಹಸಿವು ಎಲ್ಲೋ ಹೋಗಿ ಓಕರಿಕೆ ಬಂದಿತ್ತು. ಮಿಲಿಟರಿ ಲಾರಿಗಳ ಸಾಲೊಂದು ಎದುರಿಗೆ ಬಂದಾಗ ಹ್ಯಾಂಡಲ್ ಪಕ್ಕಕ್ಕೆ ತಿರುಗಿಸಲು ಕೈ ಮಾತು ಕೇಳಲಿಲ್ಲ. ಹಳ್ಳಿಯ ತಿರುವಿಗೆ ಬರುವ ಹೊತ್ತಿಗೆ ಎರಡು ಮೀನಖಂಡಗಳೂ ಗಂಟು ಕಟ್ಟಿಕೊಂಡವು. ನಾನು ಅಷ್ಟು ಆಸೆಪಟ್ಟಿದ್ದ ಆ ಇಳಿಯುವಿಕೆ ಆಗಲೇ ಇಲ್ಲ. ಸೈಕಲ್ಲನ್ನು ಊರುಗೋಲು ಮಾಡಿಕೊಂಡು ಮರಳಿನ ಬಂಡಿ ಜಾಡಿನಲ್ಲಿ ಕುಂಟುತ್ತಾ ಹೋಗಿ, ಆ ಮನೆಯ ಜಗಲಿ ಸಿಕ್ಕಿದ್ದೇ ಒರಗಿಬಿಟ್ಟೆ.

ಮನೆಯಲ್ಲಿ ಗಂಡಸರಿರಲಿಲ್ಲ. ಹುಡುಗಿಯ ಅಪ್ಪ ನಮ್ಮನ್ನು ಎದುರುಗೊಳ್ಳಲೆಂದು ಬಸ್ಸು ನಿಲ್ಲುವ ಕಡೆಗೆ ಬೇರೆ ದಾರಿಯಲ್ಲಿ ಹೋಗಿದ್ದರು. ಹುಡುಗಿಯ ತಾಯಿ ಬಾಗಿಲಿಗೆ ಬಂದು, ನಾನು ಯಾರೆಂದು ತಿಳಿದು, ಗಾಬರಿಯಾಗಿ ಸೆರಗು ಹೊದ್ದುಕೊಂಡರು. "ನಿಮ್ಮಾವ ಬರ್ಲಿಲ್ವಾ?" ಎಂದು ಕೇಳಿದರು. ಬಸ್ಸು ಕೆಟ್ಟಿದೆ ಎಂದೆ. ಬೆಲ್ಲ ನೀರು ತಂದುಕೊಟ್ಟರು. ಕುಡಿದದ್ದು ಹೊಟ್ಟೆಗೆ ಇಳಿಯುವ ಮುಂಚೆಯೇ ತಿರುಗಿ ಬಂತು, ಮುಂಚೆ ಕುಡಿದಿದ್ದ ನೀರನ್ನೂ ಕರೆದುಕೊಂಡು ಬಂತು. ಇನ್ನೊಂದು ಸಲ ಕೊಟ್ಟರು, ಅದೂ ಅಷ್ಟೇ. ಕಾಲಿನ ಗಂಟು ತೊಡೆಗೆ ಏರಿತು. ಗಂಡಸು ಅಳಬಾರದೆಂದು ತುಟಿ ಕಚ್ಚಿಕೊಂಡಿದ್ದೆ.

ಒಳಗಿನಿಂದ ಹುಡುಗಿಯ ಅಜ್ಜಿ ಗೋಡೆ ಹಿಡಿದುಕೊಂಡು ಬಂದಳು. ನನ್ನ ಅಂಗಿಯ ಬೆನ್ನನ್ನು ಬೆರಳಿನಿಂದ ಉಜ್ಜಿದಳು. ನೀಲಿ ಬಟ್ಟೆಯ ಮೇಲೆ ಬಿಳಿ ಗೆರೆಗಳು ಮೂಡಿದ್ದವು.

"ಬೆವರಲ್ಲಿ ಉಪ್ಪೆಲ್ಲ ಹೊಂಟೋಗೈತೆ ಕಣೇ. ಬರೀ ನೀರು ಎಲ್ಲಿ ನಿಲ್ತದೆ? ಅಂಬಲಿಗೆ ಉಪ್ಪು ಹಾಕಿ ತಾ."

ಹುಡುಗಿಯ ತಾಯಿ ಅಲ್ಲಾಡಲಿಲ್ಲ. ದನಿ ತಗ್ಗಿಸಿ ಹೇಳಿದರೂ ನನಗೆ ಎಲ್ಲ ಕೇಳಿಸಿತು. "ಅತ್ತೆ, ನಿಮಗೆ ಮರ್ತೋಯ್ತಾ? ಹೋದ್ ವರ್ಷ ಬಂದೋರು ಉಂಡು ಕೈ ತೊಳ್ಕೊಂಡು ಹೋದ್ರು, ಆಮೇಲೆ ಒಲ್ಲೆ ಅಂದ್ರು. ಇವತ್ತಿಗೂ ನೀರಿಗೆ ಹೋದ್ರೆ ಬಾವಿ ಹತ್ರ ಅದೇ ಮಾತು. ಇವ್ರೂ ನಾಳೆ ಕೃಷ್ಣಗಿರಿ ಆಚೆ ಇನ್ನೊಂದು ಹೆಣ್ಣು ನೋಡಾಕೆ ಹೋಗ್ತಾರಂತೆ. ಇವ್ರೂ ಉಪ್ಪು ತಿಂದು ಬಿಟ್ಟೋದ್ರೆ ನನ್ ಮಗಳ್ನ ಇನ್ಯಾರು ಕೇಳ್ತಾರೆ?"

ಆ ತಾಯಿಯ ಮೇಲೆ ನನಗೆ ಅವತ್ತೂ ಸಿಟ್ಟು ಬರಲಿಲ್ಲ. ಅವರ ಕಣ್ಣಲ್ಲಿ ನೀರು ತುಂಬಿತ್ತು. ನನ್ನ ಸಂಕಟ ಕಾಣದ್ದಕ್ಕೆ ಅಲ್ಲ, ಕಾಣುತ್ತಿದ್ದರೂ ಕೊಡಲಾಗದ್ದಕ್ಕೆ. ನಾನೂ ಕೈ ಅಲ್ಲಾಡಿಸಿ, "ಬ್ಯಾಡ, ನಮ್ಮಾವ ಬರ್ಲಿ" ಎಂದೆ. ಅಮ್ಮ ಹೇಳಿದ್ದ ಮಾತು ಆ ಸ್ಥಿತಿಯಲ್ಲೂ ತಲೆಯಲ್ಲಿತ್ತು.

ಆಗ ಒಳಗೆ ಪಾತ್ರೆಯ ಸದ್ದಾಯಿತು. ನೋಡುವ ಶಾಸ್ತ್ರ ಆಗುವ ಮುಂಚೆ ಗಂಡಿನ ಕಣ್ಣಿಗೆ ಬೀಳಬಾರದಿದ್ದ ಹುಡುಗಿ, ಕಂಚಿನ ಚೊಂಬು ಹಿಡಿದು ನೇರವಾಗಿ ಜಗಲಿಗೆ ಬಂದುಬಿಟ್ಟಳು. ಮನೆಯಲ್ಲಿ ಉಡುವ ಮಾಸಿದ ಸೀರೆ. ಕೈಗೆ ಮಾವಿನಕಾಯಿಯ ಸೊನೆ ತಾಗಿದ ಕಪ್ಪು ಕಲೆ.

ತಾಯಿ ಅಡ್ಡ ಬಂದರು. ಅವಳು ಹೇಳಿದ್ದು ಇಷ್ಟೇ: "ಅವ್ರು ನಾಳೆ ಎಲ್ಲಿಗಾದ್ರೂ ಹೋಗ್ಲಿ ಕಣವ್ವ. ಇವತ್ತು ಎದ್ದು ಕೂತ್ಕಳ್ಲಿ."

ನನ್ನ ಮುಂದೆ ಚೊಂಬು ಹಿಡಿದಳು. ನಾನು ಮತ್ತೆ, "ನಮ್ಮಾವ…" ಎಂದೆ.

"ನಿಮ್ಮಾವ ಬರೋವರ್ಗೂ ನೀವಿರ್ಬೇಕಲ್ಲ. ಕುಡೀರಿ. ಗಟಗಟ ಬ್ಯಾಡ, ಒಂದೊಂದೇ ಗುಟುಕು."

ಕುಡಿದೆ. ಹುಳಿ ಬಂದ ರಾಗಿ ಅಂಬಲಿ, ತಳದಲ್ಲಿ ಪೂರಾ ಕರಗದ ಕಲ್ಲುಪ್ಪು. ನನ್ನ ಬದುಕಿನಲ್ಲಿ ಮದುವೆ ಊಟ, ಹಬ್ಬದ ಊಟ, ಮಕ್ಕಳು ಕರೆದುಕೊಂಡು ಹೋದ ಹೋಟೆಲಿನ ಊಟ, ಎಷ್ಟೋ ಉಂಡಿದ್ದೇನೆ. ಆ ಗುಟುಕಿನಂಥದ್ದು ಮತ್ತೆ ಸಿಗಲಿಲ್ಲ. ಮೊದಲನೆಯದು ನಾಲಗೆಯಲ್ಲೇ ಇಂಗಿಹೋಯಿತು. ಎರಡನೆಯದು ಒಳಗೆ ಹೋಗಿ ಅಲ್ಲೇ ನಿಂತಿತು, ತಿರುಗಿ ಬರಲಿಲ್ಲ. ಅಜ್ಜಿ ಕಾಲ ಬಳಿ ಕೂತು ಮೀನಖಂಡ ಉಜ್ಜಿದಳು. ಸ್ವಲ್ಪ ಹೊತ್ತಿಗೆ ಹುಡುಗಿ ಸಣ್ಣ ಈರುಳ್ಳಿ, ಉಪ್ಪು ಸವರಿದ ಮಾವಿನಕಾಯಿ ಹೋಳು ತಂದಿಟ್ಟಳು. ಚೊಂಬು ಬರಿದಾದಾಗ ಇನ್ನೊಂದು ಸಲ ತುಂಬಿಸಿ ಇಟ್ಟು, ನನ್ನ ಕಡೆ ನೋಡದೆ ಒಳಗೆ ಹೋದಳು. ಬಿಸಿಲು ಇಳಿಯುವ ಹೊತ್ತಿಗೆ ಕಾಲಿನ ಗಂಟು ಸಡಿಲವಾಗಿ, ನಾನು ಗೋಡೆಗೆ ಒರಗಿ ಕೂತಿದ್ದೆ. ಹಟ್ಟಿಯ ಕೋಳಿಗಳು, ಬಣವೆ, ಎಲ್ಲವೂ ಅವುಗಳ ಜಾಗದಲ್ಲಿ ಸರಿಯಾಗಿ ಕಾಣತೊಡಗಿದವು.

ಸಂಜೆಗೆ ಮಾವ ಬಂದರು, ಹುಡುಗಿಯ ಅಪ್ಪನ ಜೊತೆ, ಅರ್ಧ ದಾರಿ ಎತ್ತಿನ ಗಾಡಿಯಲ್ಲಿ ಅರ್ಧ ದಾರಿ ನಡೆದು. ಜಗಲಿ ಹತ್ತುವ ಮುಂಚೆಯೇ ಅವರ ಕಣ್ಣು ಚೊಂಬಿನ ಮೇಲೆ ಬಿತ್ತು. ನನ್ನನ್ನು ಬಣವೆಯ ಹಿಂದಕ್ಕೆ ಎಳೆದುಕೊಂಡು ಹೋದರು.

"ನೆನೆಸ್ಬುಟ್ಟೇನ್ಲಾ?"

"ನೆನೆಸ್ದೆ ಮಾವ." ಆದದ್ದನ್ನೆಲ್ಲ ಹೇಳಿದೆ. ಹಾಗೆಯೇ, "ಬುತ್ತಿ ಎಲ್ಲಿ?" ಎಂದೆ.

"ಬಸ್ಸು ನಿಂತಿತ್ತಲ್ಲಾ, ಸುಮ್ನೆ ಕೂತಿದ್ದೆ" ಎಂದು ಮಾವ ಬೇರೆ ಕಡೆ ನೋಡಿದರು. ಮಜ್ಜಿಗೆಯನ್ನೂ ಕೇಳುವುದು ಬೇಡ ಎನಿಸಿತು.

ಮಾವ ಕೆಟ್ಟವರಲ್ಲ. ಗಡ್ಡ ಕೆರೆದುಕೊಂಡು ನನಗೊಂದು ದಾರಿ ಹುಡುಕಿಕೊಟ್ಟರು. "ಬಿದ್ದೋನಿಗೆ ಕೊಟ್ಟಿದ್ದು ಔಸ್ದಿ ಕಣ್ಲಾ, ಊಟ ಅಲ್ಲ. ಅದು ಲೆಕ್ಕಕ್ಕಿಲ್ಲ. ನಾನು ಹೇಳ್ತೀನಿ ಬುಡು. ನಾಳೆ ಆ ಹುಡುಗೀನೂ ನೋಡ್ಕೊಂಡು ಬರಾನ."

ಅವರು ಹೇಳಿದ್ದರೆ ನಡೆಯುತ್ತಿತ್ತು. ನಾಲ್ಕು ಜನ ಕೂತ ಕಡೆ ಮಾವನ ಮಾತಿಗೆ ತೂಕವಿತ್ತು, ನನ್ನ ಮೇಲೆ ಒಂದು ಮಾತೂ ಬರುತ್ತಿರಲಿಲ್ಲ. ಈ ಮನೆಯವರು ಹೊಸ್ತಿಲಲ್ಲಿ ನಿಂತು ಕಳಿಸಿಕೊಡುತ್ತಿದ್ದರು, ಮಾರನೆಯ ಬೆಳಿಗ್ಗೆ ಆ ಹುಡುಗಿ ಬಿಂದಿಗೆ ಹಿಡಿದು ಬಾವಿಗೆ ಹೋಗುತ್ತಿದ್ದಳು. ಅಲ್ಲಿ ಮತ್ತೆ ಅದೇ ಮಾತು ಅವಳಿಗಾಗಿ ಕಾದಿರುತ್ತಿತ್ತು.

"ನನ್ ಲೆಕ್ಕಕ್ಕೈತೆ ಮಾವ" ಎಂದೆ.

"ಹೆಣ್ಣನ್ನ ಸರ್ಯಾಗಿ ನೋಡೇ ಇಲ್ವಲ್ಲೋ!"

"ನೋಡ್ದೆ."

ಮಾವ ಜಗಲಿಯ ಕಡೆ ತಿರುಗಿ ಹೆಜ್ಜೆ ಹಾಕಿದರು. ಮಾವಿನ ತೋಪನ್ನು ಅವರು ಕೈಬಿಟ್ಟದ್ದು ಆಗ. ಹುಡುಗಿಯ ಒಪ್ಪಿಗೆಯನ್ನೂ ಕೇಳಬೇಕು ಎಂದು ನಾನು ಹಟ ಹಿಡಿದದ್ದಕ್ಕೆ ಎಲ್ಲರಿಗೂ ಆಶ್ಚರ್ಯ. ಅಜ್ಜಿ ಒಳಗೆ ಹೋಗಿ ನಗುತ್ತಾ ಬಂದಳು. "ಬುತ್ತಿ ಜೊತ್ಗೆ ಇಟ್ಕೊಂಡು ಹೊರಡಾಕೆ ಕಲ್ತ್ರೆ ಆಯ್ತದಂತೆ" ಎಂದಳು. ಅಷ್ಟಾದ ಮೇಲೆ ಮಾವ ಪಂಕ್ತಿಯಲ್ಲಿ ಕೂತು ಅವರೆಕಾಳಿನ ಸಾರಿಗೆ ಮುದ್ದೆಯ ಮೇಲೆ ಮುದ್ದೆ ಇಳಿಸಿದರು. ಬಡಿಸುತ್ತಿದ್ದ ತಾಯಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಲೇ ಇದ್ದರು.

ಮದುವೆಯಾಯಿತು. ಅವಳು ನಮ್ಮ ಮನೆಗೆ ಬಂದಳು. ನಾನು ಸಂತೆಗೆ ಹೊರಟಾಗಲೆಲ್ಲ ಹ್ಯಾಂಡಲಿಗೆ ಒಂದು ಚಿಕ್ಕ ಗಂಟು ಕಟ್ಟುತ್ತಿದ್ದಳು. ಅದರಲ್ಲಿ ರಾಗಿ ರೊಟ್ಟಿ, ಉಪ್ಪಿನಕಾಯಿ, ಜೊತೆಗೆ ಎರಡು ಹರಳು ಉಪ್ಪು. ನಾನು ಉಸಿರೆತ್ತದೆ ಒಯ್ಯುತ್ತಿದ್ದೆ. ಹಸಿಯುವ ಮುಂಚೆ ತಿನ್ನುವುದು, ಬಾಯಾರುವ ಮುಂಚೆ ಕುಡಿಯುವುದು ಅಭ್ಯಾಸವಾಯಿತು. ಸಂತೆಯಿಂದ ಬಂದಮೇಲೆ ತಲೆನೋವೆಂದು ಮಲಗುವುದು ತಪ್ಪಿತು. ಅದುವರೆಗೆ ಆ ತಲೆನೋವನ್ನು ನಾನು ಬಿಸಿಲಿನ ಲೆಕ್ಕಕ್ಕೆ ಹಾಕಿದ್ದೆ.

ಆದರೆ ಒಂದು ವಿಷಯ ಮನಸ್ಸಿನಲ್ಲಿ ಕೊರೆಯುತ್ತಿತ್ತು. ಅವಳು ಅಂಬಲಿ ಕೊಟ್ಟದ್ದು ನನ್ನನ್ನು ಮೆಚ್ಚಿಯೇ ಎಂದು ನಾನು ಒಳಗೊಳಗೇ ನಂಬಿಕೊಂಡಿದ್ದೆ. ಕಿಟಕಿಯಿಂದ ನೋಡಿರಬೇಕು, ಸೈಕಲ್ಲು ಕಣ್ಣಿಗೆ ಬಿದ್ದಿರಬೇಕು, ಕೈಗೆ ಬಂದವನನ್ನು ಬಿಡಬಾರದೆಂದು ಉಪ್ಪು ಹಾಕಿರಬೇಕು. ಗಂಡಸಿಗೆ ಇಂಥ ನಂಬಿಕೆ ಸುಖ ಕೊಡುತ್ತದೆ.

ಆಷಾಢಕ್ಕೆ ಅವಳು ತವರಿಗೆ ಹೋದಳು. ಶ್ರಾವಣ ಹುಟ್ಟಿದ ಮೇಲೆ ಕರೆದುಕೊಂಡು ಬರಲು ನಾನೇ ಹೋದೆ. ಬಸ್ಸು ಆ ವಾರ ಓಡುತ್ತಲೇ ಇರಲಿಲ್ಲ. ಹಿಂದಿನ ಕ್ಯಾರಿಯರ್ ಮೇಲೆ ಗೋಣಿ ಮಡಿಸಿ ಹಾಕಿ ಅವಳನ್ನು ಕೂರಿಸಿಕೊಂಡು ಹೊರಟೆ. ಮಡಿಲಲ್ಲಿ ಬಟ್ಟೆ ಗಂಟು, ಅದರ ಮೇಲೆ ಅದೇ ಕಂಚಿನ ಚೊಂಬು, ಬಾಯಿಗೆ ಬಟ್ಟೆ ಕಟ್ಟಿದ್ದು. ಈಗ ರಸ್ತೆ ಏರು. ಸ್ವಲ್ಪ ದೂರ ತುಳಿಯುವುದು, ಸ್ವಲ್ಪ ದೂರ ತಳ್ಳುವುದು. ಶೂಲಗಿರಿಯ ಬೆಟ್ಟ ಕಾಣುವ ಕಡೆ ಒಂದು ಹುಣಸೇಮರದ ಕೆಳಗೆ, ನನಗೆ ಇನ್ನೂ ಬಾಯಾರುವ ಮುಂಚೆಯೇ, ಅವಳು ನಿಲ್ಲಿಸಿ ಎಂದಳು. ಚೊಂಬಿನ ಬಟ್ಟೆ ಬಿಚ್ಚಿಕೊಟ್ಟಳು. ಉಪ್ಪು ಹದವಾಗಿತ್ತು.

ಕುಡಿಯುತ್ತಾ ಧೈರ್ಯ ಮಾಡಿ ಕೇಳಿದೆ. "ಅವತ್ತು ನಿಮ್ಮನೇಲಿ ಕುಡಿದೋನು, ಮಾರನೇ ದಿನ ಆ ಇನ್ನೊಂದು ಹುಡುಗೀನ ನೋಡಾಕೆ ಹೋಗ್ಬುಟ್ಟಿದ್ರೆ ಏನ್ಮಾಡ್ತಿದ್ದೆ?"

ಅವಳು ರಸ್ತೆಯ ಕಡೆ ನೋಡುತ್ತಿದ್ದಳು. ಬೇಜಾರೂ ಇಲ್ಲ, ನಾಚಿಕೆಯೂ ಇಲ್ಲ, ಇಷ್ಟೂ ಗೊತ್ತಾಗುವುದಿಲ್ಲವೇ ಎನ್ನುವಂತೆ ಹೇಳಿದಳು.

"ಹೋಗ್ಲಿ ಅಂತ್ಲೇ ಕೊಟ್ಟಿದ್ದು. ಕಾಲಲ್ಲಿ ಸಕ್ತಿ ಇಲ್ದಿದ್ರೆ ಅಲ್ಲಿಗೆ ಹೆಂಗೆ ಹೋಗ್ತಿದ್ರಿ?"

ನಾನು ಬಯಸಿದ್ದ ಉತ್ತರ ಅದಲ್ಲ. ಒಂದು ಗಳಿಗೆ ಮುಖ ಸಣ್ಣದಾಯಿತು. ಆಮೇಲೆ ಆ ಮಾತು ನಿಧಾನವಾಗಿ ಒಳಗೆ ಇಳಿಯಿತು. ತನ್ನ ಹೆಸರು ಹೋಗುತ್ತದೆ ಎಂದು ಗೊತ್ತಿದ್ದೂ, ತನ್ನನ್ನು ಬಿಟ್ಟು ಹೋಗಲು ಬೇಕಾದ ಶಕ್ತಿಯನ್ನು ಈ ಹುಡುಗಿ ನನಗೆ ಕಲಸಿ ಕೊಟ್ಟಿದ್ದಳು. ಗಂಡಾಗುವವನಿಗೆಂದು ಅಲ್ಲ, ಬಳಲಿ ಬಿದ್ದವನಿಗೆಂದು. ನನ್ನನ್ನು ಮೆಚ್ಚಿ ಕೊಟ್ಟಿದ್ದರೆ ನಾನು ಇಷ್ಟು ಋಣಿಯಾಗಿರುತ್ತಿರಲಿಲ್ಲ.

ಚೊಂಬಿನಲ್ಲಿ ಇನ್ನೂ ಅರ್ಧ ಅಂಬಲಿ ಇತ್ತು. ಏರು ಮುಂದೆ ಬಹಳವಿದೆ, ನೀವೇ ಕುಡಿಯಿರಿ ಎಂದಳು. ನಾನು ಅದನ್ನು ಅವಳ ಕೈಗೇ ಹಿಡಿಸಿದೆ. ಅವಳು ಒಂದೊಂದೇ ಗುಟುಕು ಕುಡಿದು ಮುಗಿಸುವವರೆಗೆ ಸೈಕಲ್ ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದೆ.